ಮಂಗಳೂರು ತೋರಿಸುವಾಗ ಮೊದಲು ನೋಟ, ಆಮೇಲೆ ಮಾತು

ಮಂಗಳೂರಿಗೆ ಬಂದವರಿಗೆ ಊರಿನ ಹಳೆಯ ಜಾಗಗಳನ್ನು ತೋರಿಸುವುದು ನನ್ನ ಕೆಲಸ. ಹೆಚ್ಚಿನವರು ಉದ್ದದ ಪಟ್ಟಿ ಹಿಡಿದೇ ಬರುತ್ತಾರೆ. ಒಂದೇ ದಿನಕ್ಕೆ ಹತ್ತು ದೇವಸ್ಥಾನ, ನಾಲ್ಕು ಬೀಚ್. ನಾನು ಅದನ್ನು ಐದಾರು ಜಾಗಕ್ಕೆ ಇಳಿಸುತ್ತೇನೆ. ಎಲ್ಲಿ ಹೋದರೂ ಮೊದಲು ಸುಮ್ನೆ ನೋಡಲು ಬಿಡುತ್ತೇನೆ, ಕಥೆ ಆಮೇಲೆ. ಮೊದಲೇ ಇಸವಿ ಹೇಳಿದರೆ ಜನ ತಲೆಯಾಡಿಸಿ ಮುಂದೆ ಹೋಗಿಬಿಡುತ್ತಾರೆ. ಅವರೇ ಕೇಳಿದ ಮೇಲೆ ಹೇಳಿದ್ದು ಮನಸ್ಸಲ್ಲಿ ನಿಲ್ಲುತ್ತದೆ.

ಬಿಸಿಲು ಏರುವ ಮೊದಲೇ ಕದ್ರಿಯಿಂದ ಶುರು. ಮಂಜುನಾಥನ ದರ್ಶನ ಮುಗಿಸಿ ಎಲ್ಲರನ್ನೂ ಲೋಕೇಶ್ವರನ ಮುಂದೆ ನಿಲ್ಲಿಸುತ್ತೇನೆ. ಕಂಚಿನ ಮೂರ್ತಿ. ಮೂರು ಮುಖ, ಆರು ಕೈ. "ಇದು ಬ್ರಹ್ಮ ಅಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಕಿರೀಟದ ಕಡೆ ಗಮನ ಸೆಳೆಯುತ್ತೇನೆ. ಅಲ್ಲಿ ಧ್ಯಾನಕ್ಕೆ ಕೂತ ಪುಟ್ಟ ಬುದ್ಧ ಇದ್ದಾನೆ. ಇದು ಬ್ರಹ್ಮ ಅಲ್ಲ, ಬೌದ್ಧರ ಲೋಕೇಶ್ವರ ಅಂತ ಅದರಿಂದ ಗೊತ್ತಾಗುತ್ತದೆ. ಆಮೇಲೆ ಪೀಠದ ಶಾಸನದ ಮಾತು. ಹಿಂದೆ ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಈ ಮೂರ್ತಿಯನ್ನು ಕದರಿಕಾ ವಿಹಾರದಲ್ಲಿ, ಅಂದರೆ ಇದೇ ಕದ್ರಿಯಲ್ಲಿ, ಪ್ರತಿಷ್ಠೆ ಮಾಡಿಸಿದ. ಸಾವಿರ ವರ್ಷ ದಾಟಿದ ಕಂಚು ಇನ್ನೂ ಪೂಜೆ ಪಡೆಯುತ್ತಾ ಕೂತಿದೆ ಅಂದಾಗ ಗುಂಪಿನಲ್ಲಿ ಮಾತು ತಾನಾಗಿ ಕಡಿಮೆಯಾಗುತ್ತದೆ. ಶಿವನ ಅಂಗಳದಲ್ಲಿ ಬೌದ್ಧ ಮೂರ್ತಿ, ಮೇಲೆ ಗುಡ್ಡದಲ್ಲಿ ಶೈವ ಯೋಗಿಗಳಾದ ನಾಥಪಂಥದವರ ಜೋಗಿ ಮಠ. ಸಮಯ ಎಷ್ಟೇ ಕಡಿಮೆ ಇರಲಿ, ಕದ್ರಿಯಲ್ಲಿ ನಾನು ಯಾರನ್ನೂ ಅವಸರ ಮಾಡುವುದಿಲ್ಲ.

ಅಲ್ಲಿಂದ ಬಲ್ಮಠ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದ್ದು, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆದದ್ದು. ನಮ್ಮಲ್ಲಿ ಪತ್ರಿಕಾ ದಿನ ಜುಲೈ 1ಕ್ಕೆ ಬರುವುದು ಅದರಿಂದಲೇ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಿಶನ್ನಿನ ಪ್ರೆಸ್ಸಿನಲ್ಲೇ.

ಇಲ್ಲೇ ನಾನು ಚೀಲದಿಂದ ಒಂದು ಹಳೆಯ ಹೆಂಚು ತೆಗೆದು ಕೈಗೆ ಕೊಡುತ್ತೇನೆ. ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಣ್ಣು ನಮ್ಮ ಹೊಳೆಬದಿಯದ್ದೇ. ಮೊದಲು ಹಿಂದೆ ಮುಂದೆ ತಿರುಗಿಸಿ ನೋಡಲು ಹೇಳುತ್ತೇನೆ. ಬೆರಳಿಗೆ ಕಾರ್ಖಾನೆಯ ಅಚ್ಚು ಸಿಗುತ್ತದೆ, ಅಂಚಿನಲ್ಲಿ ಉದ್ದಕ್ಕೆ ಒಂದು ತಗ್ಗು ಸಿಗುತ್ತದೆ. ಒಂದರ ಅಂಚು ಇನ್ನೊಂದರ ತಗ್ಗಿನಲ್ಲಿ ಕೂತರೆ ನಮ್ಮ ಜಡಿಮಳೆಯ ನೀರೂ ಒಳಗೆ ಇಳಿಯುವುದಿಲ್ಲ. ಒಮ್ಮೆ ಉಡುಪಿ ಕಡೆಯ ಅಜ್ಜಿಯೊಬ್ಬರು ಅಚ್ಚಿನ ಮೇಲೆ ಕೈ ಆಡಿಸುತ್ತಾ, "ನಮ್ಮ ತವರುಮನೆಯ ಮಾಡಿನಲ್ಲೂ ಇದೇ ಹೆಂಚು ಮಾರಾಯ್ರೆ" ಅಂದರು. ಮಳೆಗಾಲದ ಮೊದಲು ಮಾಡು ಹತ್ತಿ ಒಡೆದ ಹೆಂಚು ಬದಲಿಸುವುದು ಹೇಗೆ ಅಂತ ಉಳಿದವರಿಗೆ ಅವರೇ ವಿವರಿಸಿದರು. ನಾನು ಬಾಯಿ ಮುಚ್ಚಿ ಕೇಳಿದೆ. ಆಮೇಲಿನಿಂದ ಕರಾವಳಿಯ ಹಿರಿಯರು ಗುಂಪಿನಲ್ಲಿದ್ದರೆ ಹೆಂಚನ್ನು ಮೊದಲು ಅವರ ಕೈಗೇ ಕೊಡುತ್ತೇನೆ.

ಬಾವುಟಗುಡ್ಡೆ ಹತ್ತುವಾಗ 1837ರ ಅಮರ ಸುಳ್ಯ ದಂಗೆಯ ಮಾತು ಬರಲೇಬೇಕು. ಸುಳ್ಯದ ಕಡೆಯಿಂದ ಬಂದ ರೈತರು ಬ್ರಿಟಿಷರನ್ನು ಓಡಿಸಿ ಇಲ್ಲಿ ತಮ್ಮ ಬಾವುಟ ಹಾರಿಸಿದರು. ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲೇ ಇದೆ.

ಪಕ್ಕದಲ್ಲೇ ಅಲೋಶಿಯಸ್ ಚಾಪೆಲ್. ಒಳಗೆ ಫೋಟೋ ಇಲ್ಲ, ಜೋರು ಮಾತಿಲ್ಲ. ಹಾಗಾಗಿ ಹೇಳಬೇಕಾದ್ದನ್ನು ನಾನು ಹೊರಗೆ ಬಂದ ಮೇಲೆ ಹೇಳುತ್ತೇನೆ. ಒಳಗೆ ಎಲ್ಲರೂ ಬೆಂಚಿನ ಮೇಲೆ ಕೂತು ಕತ್ತೆತ್ತಿ ನೋಡಿದರೆ ಸಾಕು. ಗೋಡೆ, ಕಮಾನು, ಚಾವಣಿ, ಎಲ್ಲೂ ಬರಿ ಜಾಗ ಕಾಣುವುದಿಲ್ಲ. ಇಟಲಿಯ ಜೆಸ್ವಿಟ್ (ಕ್ಯಾಥೊಲಿಕ್ ಸನ್ಯಾಸಿ ಸಂಘ) ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಬಿಡಿಸಿದ ಚಿತ್ರಗಳು ಇವು. ಗೋಡೆಯ ಮೇಲಿರುವುದು ಫ್ರೆಸ್ಕೊ. ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುವಾಗ ಬಣ್ಣ ಅದರೊಳಗೇ ಹಿಡಿದುಕೊಳ್ಳುತ್ತದೆ. ಅಂದರೆ ದಿನಕ್ಕೆ ಎಷ್ಟು ಬಿಡಿಸಲು ಆಗುತ್ತದೋ ಅಷ್ಟೇ ಗಾರೆ ಬಳಿಯಬೇಕು. ಚಾವಣಿಯದ್ದು ಬೇರೆ, ಅದು ಕ್ಯಾನ್ವಾಸ್ ಮೇಲಿನ ತೈಲಚಿತ್ರ. ಇದನ್ನು ಕೇಳಿದ ಮೇಲೆ ಎಷ್ಟೋ ಜನ ಮತ್ತೆ ಒಳಗೆ ಹೋಗಿ ನೋಡುತ್ತಾರೆ. ಅದಕ್ಕೆ ಅಂತಲೇ ಸ್ವಲ್ಪ ಸಮಯ ಜಾಸ್ತಿ ಇಟ್ಟುಕೊಂಡಿರುತ್ತೇನೆ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಮೀನು ಸಾರು. ಆಮೇಲೆ ಬಂದರಿನ ಝೀನತ್ ಬಕ್ಷ್ ಮಸೀದಿ. ಮೊದಲೇ ಕೇಳಿ ಒಪ್ಪಿಗೆ ಪಡೆದು, ನಮಾಜಿನ ಹೊತ್ತು ಬಿಟ್ಟು ಹೋಗುತ್ತೇನೆ. ಅಲ್ಲಿನ ಮರದ ಕಂಬಗಳ ಕೆತ್ತನೆ ಹತ್ತಿರದಿಂದ ನೋಡುವಂಥದ್ದು.

ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿ ಅನ್ನುವ ಕಾವಲು ಬುರುಜು. ಗುರುಪುರ ಹೊಳೆಯೊಳಗೆ ಯುದ್ಧದ ಹಡಗು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಬ್ರಿಟಿಷರ ಜೊತೆ ಮಂಗಳೂರು ಒಪ್ಪಂದ ಆದದ್ದೂ ಅದೇ ವರ್ಷದ ಮಾರ್ಚ್‌ನಲ್ಲಿ. ಮೆಟ್ಟಿಲು ಹತ್ತಿಸಿ, ಕಿಂಡಿಯಲ್ಲಿ ಕಣ್ಣಿಟ್ಟು ಹೊಳೆ ನೋಡಲು ಹೇಳುತ್ತೇನೆ. ಬತ್ತೇರಿಯನ್ನು ಇಲ್ಲೇ ಯಾಕೆ ಕಟ್ಟಿದರು ಅನ್ನುವುದಕ್ಕೆ ಅಲ್ಲಿ ಉತ್ತರ ಸಿಕ್ಕಿಬಿಡುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಕ್ರಮ ಬದಲಾಗುತ್ತದೆ. ಮಳೆ ಬಿಟ್ಟ ಹೊತ್ತಿಗೆ ಮೊದಲು ಬತ್ತೇರಿ, ಜೋರು ಹಿಡಿದಾಗ ಚಾಪೆಲ್.