ಸಾರಿಗೆ ಎಂಜಿನಿಯರ್ ಆಗಬೇಕಾ? ಮೊದಲು ರಸ್ತೆ ಬದಿಯಲ್ಲಿ ಎರಡು ಗಂಟೆ ನಿಲ್ಲಿ

ತುಮಕೂರಿನಲ್ಲಿ ಸಿವಿಲ್ ಓದುವವರನ್ನು ಮುಂದೇನು ಅಂತ ಕೇಳಿದರೆ ಉತ್ತರ ಸಾಮಾನ್ಯವಾಗಿ ಎರಡೇ. ಕಟ್ಟಡ ಕೆಲಸ, ಇಲ್ಲಾಂದ್ರೆ ಸರ್ಕಾರಿ ಕೆಲಸ. ರಸ್ತೆ, ಬಸ್ಸು, ರೈಲು, ಸಿಗ್ನಲ್‌ಗಳನ್ನು ಯೋಜಿಸುವುದೂ ಒಂದು ವೃತ್ತಿ ಅನ್ನೋದು ತಡವಾಗಿ ಹೊಳೆಯುತ್ತದೆ. ಅದನ್ನು ಕಲಿಯೋಕೆ ಈ ಊರು ಹೇಳಿ ಮಾಡಿಸಿದ ಜಾಗ. ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48, ಅದರಲ್ಲಿ ಹಗಲೂ ರಾತ್ರಿ ಲಾರಿಗಳು. ಊರೊಳಗೆ ಬಿ.ಎಚ್. ರಸ್ತೆ. ಬೆಳಗಾದರೆ ಬೆಂಗಳೂರಿನ ಕೆಲಸಕ್ಕೆ ರೈಲು ಹಿಡಿಯುವ ಜನ. ಆ ಕಡೆ ವಸಂತನರಸಾಪುರದ ಕಾರ್ಖಾನೆಗಳು.

ಓದಿನ ದಾರಿ

ಇದು ಸುಲಭ, ಬೇಗ ಮುಗಿಸೋಣ. ಪಿಯುಸಿ ವಿಜ್ಞಾನದ ನಂತರ ಸಿಇಟಿ ಬರೆದು ಬಿ.ಇ. ಸಿವಿಲ್ ಸೇರುವುದು ನೇರ ದಾರಿ. ಊರಲ್ಲೇ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಇದೆ. ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಸೀದಾ ಎರಡನೇ ವರ್ಷಕ್ಕೆ ಸೇರಬಹುದು. ಭೂಗೋಳ, ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೂ ಕೆಲವು ಸಂಸ್ಥೆಗಳ ಪ್ಲಾನಿಂಗ್ ಕೋರ್ಸ್‌ಗಳಲ್ಲಿ ಬಾಗಿಲು ತೆರೆದಿರುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ನಿಜವಾದ ಮೊದಲ ಹೆಜ್ಜೆ: ಟ್ರಾಫಿಕ್ ಕೌಂಟ್

ಟ್ರಾಫಿಕ್ ಕೌಂಟ್ ಅಂದರೆ ರಸ್ತೆಯಲ್ಲಿ ಹೋಗುವ ವಾಹನಗಳನ್ನು ಎಣಿಸುವುದು. ಎರಡನೇ ವರ್ಷದಲ್ಲೋ ಮೂರನೇ ವರ್ಷದಲ್ಲೋ ಒಂದು ಬೆಳಿಗ್ಗೆ ಇದಕ್ಕೆ ಕೊಡಿ. ಊರಾಚೆ ಕೊರಟಗೆರೆ ರಸ್ತೆಯಲ್ಲೋ ಕುಣಿಗಲ್ ರಸ್ತೆಯಲ್ಲೋ ನೆರಳಿರುವ, ಎರಡೂ ಕಡೆ ಚೆನ್ನಾಗಿ ಕಾಣುವ ಒಂದು ಜಾಗ ಹುಡುಕಿ. ಜೊತೆಗೆ ಒಬ್ಬ ಸ್ನೇಹಿತ ಇರಲಿ. ನೀವು ಒಂದು ದಿಕ್ಕು, ಅವರು ಇನ್ನೊಂದು ದಿಕ್ಕು. 8ರಿಂದ 10 ಗಂಟೆವರೆಗೆ ಸಾಕು.

ಹಾಳೆಯಲ್ಲಿ ಅಡ್ಡಕ್ಕೆ ವಾಹನಗಳ ಹೆಸರು ಬರೆಯಿರಿ: ಬೈಕ್, ಆಟೊ, ಕಾರು, ಬಸ್, ಲಾರಿ, ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್, ಸೈಕಲ್. ಉದ್ದಕ್ಕೆ 15 ನಿಮಿಷಕ್ಕೊಂದು ಸಾಲು. ವಾಹನ ಹೋದಂತೆ ಒಂದೊಂದು ಗೀಟು, ಐದನೆಯದಕ್ಕೆ ಅಡ್ಡಗೀಟು. ಟೀ ಕುಡಿಯೋಕೆ ಹೋಗಿ ಬಂದು ಅಂದಾಜಲ್ಲಿ ತುಂಬಬೇಡಿ. ಹಾಗೆ ತುಂಬಿದ್ದು ನೋಡಿದ ತಕ್ಷಣ ಗೊತ್ತಾಗುತ್ತದೆ, ಸಾಲು ಸಾಲಿಗೂ ಅಂಕಿ ಒಂದೇ ಥರ ಇರುತ್ತದೆ.

ಮನೆಗೆ ಬಂದ ಮೇಲೆ ಲೆಕ್ಕ. ಬೈಕೂ ಲಾರಿಯೂ ರಸ್ತೆಯಲ್ಲಿ ಒಂದೇ ಜಾಗ ಹಿಡಿಯೋಲ್ಲ ಅಲ್ವಾ? ಅದಕ್ಕೇ ಎಲ್ಲವನ್ನೂ ಕಾರಿನ ಅಳತೆಗೆ ತರುತ್ತಾರೆ. ಈ ಅಳತೆಗೆ ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್) ಅನ್ನುತ್ತಾರೆ. ರಸ್ತೆಗಳ ಮಾನದಂಡ ರೂಪಿಸುವ, 1934ರಲ್ಲಿ ಶುರುವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐಆರ್‌ಸಿ, ಊರಾಚೆಯ ರಸ್ತೆಗೆ ಕೊಟ್ಟ ಲೆಕ್ಕದಲ್ಲಿ ಕಾರು 1, ಬೈಕ್ 0.5, ಬಸ್ ಅಥವಾ ಲಾರಿ 3, ಟ್ರೈಲರ್ ಸಮೇತ ಟ್ರ್ಯಾಕ್ಟರ್ 4.5. ಎತ್ತಿನ ಗಾಡಿಗೆ 8! ಊರೊಳಗಿನ ರಸ್ತೆಗೆ ಲೆಕ್ಕ ಬೇರೆ, ಅದು ಐಆರ್‌ಸಿ 106 ಅನ್ನೋ ಕೈಪಿಡಿಯಲ್ಲಿದೆ.

ಉದಾಹರಣೆಗೆ 15 ನಿಮಿಷದಲ್ಲಿ 100 ಬೈಕ್, 20 ಕಾರು, 10 ಬಸ್, 2 ಟ್ರ್ಯಾಕ್ಟರ್-ಟ್ರೈಲರ್ ಹೋದವು ಅನ್ನಿ. 50, 20, 30, 9 ಕೂಡಿದರೆ 109 ಪಿಸಿಯು. ಇಷ್ಟನ್ನು ಯಾವ ಎಂಜಿನಿಯರ್ ಬೇಕಾದರೂ ಮಾಡುತ್ತಾನೆ. ಪ್ಲಾನರ್ ಇಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತಾನೆ: ಹೋದ ಜನ ಎಷ್ಟು? ಬಸ್ಸಿಗೆ 40 ಜನ ಅಂದರೂ ಹತ್ತು ಬಸ್ಸಲ್ಲಿ 400. ಕಾರಿಗೆ ಇಬ್ಬರು ಅಂದರೆ ಇಪ್ಪತ್ತು ಕಾರಲ್ಲಿ 40. ಬಸ್ಸುಗಳು ತಗೊಂಡ ಜಾಗ ಕಾರುಗಳದ್ದರ ಒಂದೂವರೆ ಪಟ್ಟು, ಸಾಗಿಸಿದ ಜನ ಹತ್ತು ಪಟ್ಟು. ಹಾಗಾದರೆ ರಸ್ತೆ ಅಗಲ ಮಾಡೋಣವಾ, ಬಸ್ ಜಾಸ್ತಿ ಮಾಡೋಣವಾ? ಈ ಪ್ರಶ್ನೆ ನಿಮ್ಮನ್ನು ಸುಮ್ನೆ ಬಿಡದಿದ್ದರೆ ನೀವು ಸರಿಯಾದ ಕಡೆ ಬಂದಿದ್ದೀರಿ.

ಇದನ್ನೇ ನಾಲ್ಕು ಪುಟದ ವರದಿ ಮಾಡಿ. ಒಂದು ನಕ್ಷೆ, ಒಂದು ಕೋಷ್ಟಕ, ಒಂದು ಗ್ರಾಫ್, ನಿಮಗೆ ತೋಚಿದ ಸಲಹೆ. ಇಂಟರ್ನ್‌ಶಿಪ್ ಕೇಳುವಾಗ ಹತ್ತು ಆನ್‌ಲೈನ್ ಸರ್ಟಿಫಿಕೇಟ್‌ಗಿಂತ ಇದಕ್ಕೆ ಬೆಲೆ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಸಾಫ್ಟ್‌ವೇರ್‌ಗೆ ಹಣ ಸುರಿಯಬೇಡಿ

ನಕ್ಷೆಗೆ ಕ್ಯೂಜಿಐಎಸ್, ಟ್ರಾಫಿಕ್ ಸಿಮ್ಯುಲೇಷನ್‌ಗೆ ಸುಮೊ. ಎರಡೂ ಉಚಿತ. ಎಕ್ಸೆಲ್ ಗಟ್ಟಿಯಾಗಿ ಕಲಿಯಿರಿ, ಆಮೇಲೆ ಸ್ವಲ್ಪ ಪೈಥಾನ್. ಐಐಟಿ ಮೇಷ್ಟ್ರುಗಳ ಪಾಠ ಎನ್‌ಪಿಟಿಇಎಲ್‌ನಲ್ಲಿ ಸಿಗುತ್ತದೆ. ದುಬಾರಿ ಸಾಫ್ಟ್‌ವೇರ್‌ಗಳನ್ನು ಕಂಪನಿಗೆ ಸೇರಿದ ಮೇಲೆ ಕಲಿತರಾಯಿತು.

ಯಾವ ಕವಲು?

ರಸ್ತೆಯ ತಿರುವು, ಏರಿಳಿತ, ಡಾಂಬರಿನ ದಪ್ಪ ಲೆಕ್ಕ ಹಾಕುವುದು ಹೆದ್ದಾರಿ ವಿನ್ಯಾಸ. ಜನ ಎಲ್ಲಿಂದ ಎಲ್ಲಿಗೆ, ಯಾವುದರಲ್ಲಿ ಹೋಗುತ್ತಾರೆ ಎಂದು ಅಂದಾಜು ಮಾಡುವುದು ಸಾರಿಗೆ ಯೋಜನೆ. ಮೂರನೆಯದು ರಸ್ತೆ ಸುರಕ್ಷತೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸುರಕ್ಷತಾ ಆಡಿಟ್, ಅಂದರೆ ರಸ್ತೆಯಲ್ಲಿ ಅಪಾಯ ಎಲ್ಲೆಲ್ಲಿದೆ ಅಂತ ಪರಿಶೀಲಿಸುವುದು, ಬಲ್ಲವರು ಬೇಕೇ ಬೇಕು.

ವಿನ್ಯಾಸಕ್ಕೆ ಬಿ.ಇ. ಸಾಕಾಗಬಹುದು. ಯೋಜನೆಗೆ ಸ್ನಾತಕೋತ್ತರ ಪದವಿ ಇದ್ದರೆ ಒಳ್ಳೆಯದು. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆದರೆ ಬೆಂಗಳೂರಿನ ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆ, ಐಐಟಿಗಳು ಇವೆ. ಪ್ಲಾನಿಂಗ್ ಕಡೆಗೆ ದೆಹಲಿಯ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್), ಅಹಮದಾಬಾದ್‌ನ ಸೆಪ್ಟ್ ವಿಶ್ವವಿದ್ಯಾಲಯ.

ಕೆಲಸ ಎಲ್ಲಿ?

ಸರ್ಕಾರದಲ್ಲಿ ಲೋಕೋಪಯೋಗಿ ಇಲಾಖೆ, ನಗರ ಭೂ ಸಾರಿಗೆ ನಿರ್ದೇಶನಾಲಯ, ಮೆಟ್ರೊ ನಿಗಮ. ಇಲಾಖೆಯ ಎಂಜಿನಿಯರ್ ಹುದ್ದೆ ಬೇಕಾದರೆ ಕೆಪಿಎಸ್‌ಸಿ ಅಧಿಸೂಚನೆ ಗಮನಿಸುತ್ತಿರಿ, ಆದರೆ ಅದನ್ನೇ ನಂಬಿ ವರ್ಷಗಟ್ಟಲೆ ಮನೆಯಲ್ಲಿ ಕೂರಬೇಡಿ. ಹೊಸಬರಿಗೆ ಕೆಲಸ ಕಲಿಸುವುದು ಡಿಪಿಆರ್ (ಯೋಜನೆಯ ವಿವರವಾದ ವರದಿ) ತಯಾರಿಸುವ ಬೆಂಗಳೂರಿನ ಕನ್ಸಲ್ಟೆನ್ಸಿ ಕಂಪನಿಗಳು.

ಅಲ್ಲಿ ಮೊದಲ ವರ್ಷ ಎಸಿ ರೂಮಿನ ಆಸೆ ಬೇಡ. ಹೆದ್ದಾರಿ ಕೌಂಟ್ ಅಂದರೆ ಏಳು ದಿನ, ದಿನಕ್ಕೆ 24 ಗಂಟೆ, ಪಾಳಿ ಮೇಲೆ. ಇನ್ನೊಂದು ದಿನ ಪೊಲೀಸರ ಸಹಾಯದಿಂದ ಲಾರಿ ನಿಲ್ಲಿಸಿ, ‘ಎಲ್ಲಿಂದ ಬಂದ್ರಿ ಅಣ್ಣಾ, ಎಲ್ಲಿಗೆ, ಏನು ಲೋಡು?’ ಅಂತ ಕೇಳಬೇಕು. ಡ್ರೈವರ್‌ಗೆ ಅವಸರ. ಅವನ ಭಾಷೆಯಲ್ಲಿ ಎರಡು ಮಾತಾಡಿದರೆ ಉತ್ತರ ಬೇಗ ಬರುತ್ತದೆ. ಪಾವಗಡದ ಕಡೆಯವರಿಗೆ ತೆಲುಗು ಬಾಯಲ್ಲೇ ಇರುತ್ತದೆ, ಹಿಂದಿ ಒಂಚೂರು ಕಲಿತುಕೊಂಡರೆ ಆಯಿತು. ಮಿಂಚುವ ಪಟ್ಟಿಯ ಜಾಕೆಟ್ ಕಂಪನಿಯೇ ಕೊಡಬೇಕು. ಕೊಡದಿದ್ದರೆ ಕೇಳಿ ಇಸ್ಕೊಳ್ಳಿ, ಅದಿಲ್ಲದೆ ರಾತ್ರಿ ರಸ್ತೆಗೆ ಇಳಿಯಬೇಡಿ.