ವೈಫೈ ಇರುವ ಬ್ಲೂ-ರೇ ಪ್ಲೇಯರ್ ಕೊಳ್ಳುವ ಮುಂಚೆ
ಡಬ್ಬದ ಮೇಲೆ 'ವೈಫೈ ರೆಡಿ' ಅಂತಿದ್ದರೆ ದುಡ್ಡು ಕೊಡುವ ಮುಂಚೆ ನಿಲ್ಲಿ, 'ಬಿಲ್ಟ್-ಇನ್ ವೈಫೈ' ಅಂತಿದ್ದರೆ ಮಾತ್ರ ಮುಂದುವರಿಯಿರಿ. 'ರೆಡಿ' ಅಂದರೆ ವೈಫೈ ಒಳಗಿಲ್ಲ. ಅದಕ್ಕೆ ಡಾಂಗಲ್ (ಯುಎಸ್‌ಬಿ ಕಿಂಡಿಗೆ ಚುಚ್ಚುವ ಪುಟ್ಟ ವೈಫೈ ಸಾಧನ) ಬೇರೆ ಕೊಳ್ಳಬೇಕು, ಅದೂ ಹೆಚ್ಚಾಗಿ ಅದೇ ಕಂಪನಿಯದೇ ಆಗಬೇಕು. ಹಳೇ ಮಾಡೆಲ್ಲಿನ ಡಾಂಗಲ್ ಹುಡುಕುತ್ತಾ ತುಮಕೂರಿನ ಎಂ.ಜಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆಯೋದು ಯಾರಿಗೆ ಬೇಕು, ಅಲ್ವಾ? ಡಬ್ಬವೇ ಇಲ್ಲದ ಸೆಕೆಂಡ್ ಹ್ಯಾಂಡ್ ಪ್ಲೇಯರ್ ಆದರೆ ಅಲ್ಲೇ ಟಿವಿಗೆ ಹಾಕಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ. ಪ್ಲೇಯರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ನಿಮ್ಮ ಫೋನಿನ ಹೆಸರು ಬಂದರೆ ವೈಫೈ ಒಳಗಿದೆ ಅಂತ ಅರ್ಥ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ವೈಫೈ ಬ್ಯಾಂಡನ್ನು 2.4 ಗಿಗಾಹರ್ಟ್ಸ್‌ನಲ್ಲಿಡಿ. ಹಳೇ ಪ್ಲೇಯರುಗಳಲ್ಲಿ ಬಹಳಷ್ಟಕ್ಕೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ, ಸುಮ್ನೆ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಆದರೆ ಹೆಸರು ಕಂಡ ಮಾತ್ರಕ್ಕೆ ಸಿನಿಮಾ ಆ್ಯಪ್‌ಗಳು ಓಡುತ್ತವೆ ಅಂತಲ್ಲ. ಹಳೇ ಪ್ಲೇಯರುಗಳಿಗೆ ಆ್ಯಪ್‌ನವರು ಅಪ್‌ಡೇಟ್ ನಿಲ್ಲಿಸಿಬಿಡುತ್ತಾರೆ, ಹಾಗಾಗಿ ನಿಮಗೆ ಬೇಕಾದ ಆ್ಯಪನ್ನು ಅಲ್ಲೇ ತೆರೆದು ನೋಡಿ. ಬರೀ ಡಿಸ್ಕ್ ನೋಡುವವರಿಗೆ ವೈಫೈ ಅಷ್ಟೇನೂ ಮುಖ್ಯ ಅಲ್ಲ; ಪ್ಲೇಯರಿನ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹಿಂಬದಿಯ ಲ್ಯಾನ್ ಪೋರ್ಟಿಗೆ ಇಂಟರ್ನೆಟ್ ಕೇಬಲ್ ಚುಚ್ಚಿದರೂ ಸಾಕು. ಅಮೆರಿಕದಿಂದ ನೆಂಟರು ತಂದುಕೊಡುವ ಪ್ಲೇಯರಿಗೆ ಮಾತ್ರ ಈ ಪರೀಕ್ಷೆ ಸಾಲದು. ಯಾವ ಪ್ರದೇಶದ ಡಿಸ್ಕ್ ಓಡಬೇಕು ಅಂತ ಪ್ಲೇಯರಿನಲ್ಲಿ ರೀಜನ್ ಅನ್ನೋ ಗುರುತಿರುತ್ತೆ. ಅಲ್ಲಿನ ಬ್ಲೂ-ರೇ ರೀಜನ್ 'ಎ', ನಮ್ಮದು 'ಸಿ'. ಡಿವಿಡಿಯಲ್ಲಿ ಅವರದು 1, ನಮ್ಮದು 5. ರೀಜನ್ ಲಾಕ್ ಇರುವ ಇಲ್ಲಿನ ಡಿಸ್ಕ್ ಅದರಲ್ಲಿ ಓಡುವುದಿಲ್ಲ. ಹಿಂಬದಿ ಚೀಟಿಯಲ್ಲಿ ಬರೀ 120 ವೋಲ್ಟ್ ಅಂತಿದ್ದರಂತೂ ನಮ್ಮ ಪ್ಲಗ್ಗಿಗೆ ನೇರವಾಗಿ ಹಾಕಲೇಬೇಡಿ.