ಗುರುತಿಲ್ಲದ ಡೈನಮೊ, ಗುಜರಿ ಹಾರ್ನ್: ವೋಲ್ಟ್ ಕಂಡುಹಿಡಿದ ಬಗೆ

ಮೊದಲು ಸುಟ್ಟದ್ದು ಒಂದು ಹಾರ್ನ್. ನಮ್ಮ ಹಳೆಯ ಮ್ಯಾಸಿ ಟ್ರ್ಯಾಕ್ಟರ್‌ಗೆ ಅಂತ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಒಂದು ಚೀಲ ಸಾಮಾನು ತಂದಿದ್ದೆ. ಇಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೊ, ಅದನ್ನು ಬ್ಯಾಟರಿಗೆ ತಾನಾಗಿಯೇ ಸೇರಿಸಿ ಬಿಡಿಸುವ ಸ್ವಿಚ್ಚು ಅಂದರೆ ಕಟೌಟ್, ಎರಡು ಹಾರ್ನ್, ಒಂದು ಡಬ್ಬಿ ಬಲ್ಬು. ಯಾವುದರ ಮೇಲೂ ವೋಲ್ಟ್ ಬರೆದಿರಲಿಲ್ಲ. ಕೆಲವುದರ ಪ್ಲೇಟು ಉದುರಿಹೋಗಿತ್ತು, ಉಳಿದವಕ್ಕೆ ಯಾರೋ ಪೇಂಟ್ ಬಳಿದಿದ್ದರು. ಹಾರ್ನ್‌ಗೆ 12 ವೋಲ್ಟ್ ಕೊಟ್ಟೆ. ಬೀದಿಯವರೆಲ್ಲ ತಿರುಗಿ ನೋಡುವಂತೆ ಕೂಗಿತು. ಖುಷಿಗೆ ಇನ್ನೂ ನಾಲ್ಕು ಸಲ ಒತ್ತಿದೆ. ಆಮೇಲೆ ಸುಟ್ಟ ವಾರ್ನಿಶ್ ವಾಸನೆ ಬಂತು. ಅದು ಯಾವುದೋ ಬೈಕಿನ 6 ವೋಲ್ಟ್ ಹಾರ್ನ್.

ನಮ್ಮ ಕಡೆ ಟ್ರ್ಯಾಕ್ಟರ್ ಅಂದರೆ 12 ವೋಲ್ಟೇ ಅಲ್ವಾ, ಗೊಂದಲ ಯಾಕೆ ಅಂತ ನನಗೂ ಅನಿಸಿತ್ತು. ಆದರೆ ಗುಜರಿ ರಾಶಿಗೆ ಆ ಭೇದ ಗೊತ್ತಿಲ್ಲ. ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಆಮೇಲೆ ರಾಜ್‌ದೂತ್, ಹಳೆಯ ಬುಲೆಟ್, ಇವೆಲ್ಲ 6 ವೋಲ್ಟಿನವು. ದೊಡ್ಡ ಲಾರಿ, ಬಸ್ಸಿನ ಸಾಮಾನು ಬಹಳಷ್ಟು 24. ಎಲ್ಲ ಒಂದೇ ರಾಶಿಗೆ ಬೀಳುತ್ತವೆ. ಹೊರದೇಶದ ಹಳೆಯ ಟ್ರ್ಯಾಕ್ಟರ್ ರಿಪೇರಿ ಮಾಡುವವರಿಗೆ ಈ ತಲೆನೋವು ಇನ್ನೂ ಜಾಸ್ತಿ. ಅಮೆರಿಕದಲ್ಲಿ 1947ರಿಂದ 1952ರವರೆಗೆ ಬಂದ ಫೋರ್ಡ್ 8ಎನ್ 6 ವೋಲ್ಟಿನದು. ಅದರಲ್ಲಿ ಟ್ರ್ಯಾಕ್ಟರಿನ ಲೋಹದ ಮೈಗೆ ಜೋಡಿಸುವುದು ಬ್ಯಾಟರಿಯ ಪ್ಲಸ್ ವೈರು, ಮೈನಸ್ ಅಲ್ಲ.

ಹಾರ್ನ್ ಸುಟ್ಟ ಮೇಲೆ ಒಂದು ನಿಯಮ ಮಾಡಿಕೊಂಡೆ. ಮೊದಲು ಮಲ್ಟಿಮೀಟರ್, ಆಮೇಲೆ ಕಡಿಮೆ ವೋಲ್ಟ್, ಕೊನೆಗೆ 12. ಇದಕ್ಕೆ ಹೊಸದಾಗಿ ಏನೂ ಕೊಳ್ಳಲಿಲ್ಲ. ಎಮರ್ಜೆನ್ಸಿ ಲ್ಯಾಂಪಿನೊಳಗೆ 6 ವೋಲ್ಟಿನ ಪುಟ್ಟ ಬ್ಯಾಟರಿ ಇತ್ತು. ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್‌ನಲ್ಲಿ 12 ವೋಲ್ಟಿನದು ಇತ್ತು. ಜೊತೆಗೆ ಒಂದು 12 ವೋಲ್ಟ್, 21 ವಾಟ್ ಇಂಡಿಕೇಟರ್ ಬಲ್ಬು. ಗೊತ್ತಿಲ್ಲದ ಸಾಮಾನಿಗೆ 12 ಕೊಡುವಾಗ ಈ ಬಲ್ಬನ್ನು ವೈರಿನ ದಾರಿಯಲ್ಲಿ ಸೇರಿಸುತ್ತೇನೆ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಅಷ್ಟೇ. ಎರಡು ಆಂಪಿಗಿಂತ ಜಾಸ್ತಿ ಕರೆಂಟ್ ಹರಿಯುವುದಿಲ್ಲ, ವೈರು ಸುಡುವುದಿಲ್ಲ.

ಬಲ್ಬಿನಲ್ಲಿ ಮೀಟರ್ ನಂಬಬೇಡಿ. ತಣ್ಣಗಿರುವ ಫಿಲಮೆಂಟಿನ ಓಮ್ (ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ) ಉರಿಯುವಾಗಿನದರ ಹತ್ತರಲ್ಲಿ ಒಂದು ಭಾಗದಷ್ಟೇ ಇರುತ್ತದೆ, ಮೀಟರ್ ವೈರಿನದೇ ಅದಕ್ಕೆ ಸಮವಾಗಿಬಿಡುತ್ತದೆ. ಸುಮ್ನೆ 6 ವೋಲ್ಟ್ ಕೊಟ್ಟು ನೋಡಿ. ಬೆಳ್ಳಗೆ ಉರಿದರೆ 6. ಕೆಂಪು ಹಳದಿಯಾಗಿ ಮಂಕಾದರೆ 12. ಬರೀ ಕೆಂಪು ಎಳೆ ಕಂಡರೆ ಅಥವಾ ಏನೂ ಕಾಣದಿದ್ದರೆ 24 ಇರಬಹುದು, 12 ಕೊಟ್ಟು ಖಾತ್ರಿ ಮಾಡಿಕೊಳ್ಳಿ.

ಡೈನಮೊ ಹತ್ತಿರ ನಾನು ತುಂಬಾ ಹೊತ್ತು ಕೂತೆ. ಬೆಲ್ಟ್ ಇಲ್ಲದೆ ಡಿ (ಕರೆಂಟ್ ಹೊರಬರುವುದು) ಮತ್ತು ಎಫ್ (ಫೀಲ್ಡಿನದು) ಎರಡೂ ಟರ್ಮಿನಲ್ ಸೇರಿಸಿ ಬ್ಯಾಟರಿ ಕೊಟ್ಟರೆ ಅದು ಮೋಟರ್ ಥರ ತಿರುಗುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಇದನ್ನೇ ಮಾಡಿ ಓಕೆ ಅನ್ನುತ್ತಾರೆ. ನನ್ನದು 6ಕ್ಕೂ ತಿರುಗಿತು, 12ಕ್ಕೂ ತಿರುಗಿತು! ಅಂದರೆ ಡೈನಮೊಗೆ ಜೀವ ಇದೆ ಅಂತ ಗೊತ್ತಾಯಿತೇ ಹೊರತು ಅದರ ವೋಲ್ಟ್ ಗೊತ್ತಾಗಲಿಲ್ಲ. ಗುಟ್ಟು ಇದ್ದದ್ದು ಫೀಲ್ಡ್ ಕಾಯಿಲಿನಲ್ಲಿ, ಅಂದರೆ ಡೈನಮೊ ಒಳಗೆ ಅಯಸ್ಕಾಂತದ ಕೆಲಸ ಮಾಡುವ ವೈರಿನ ಸುರುಳಿಯಲ್ಲಿ. ವೈರು ಬಿಚ್ಚಿ ಎಫ್‌ಗೂ ಬಾಡಿಗೂ ನಡುವೆ ಓಮ್ ಅಳೆದೆ. ಅದಕ್ಕೆ ಮುಂಚೆ ಮೀಟರಿನ ಎರಡು ಕಡ್ಡಿ ಮುಟ್ಟಿಸಿ ಬಂದ 0.3 ಅನ್ನು ಬರೆದಿಟ್ಟು, ಆಮೇಲೆ ಕಳೆದೆ. ಉಳಿದದ್ದು ಸುಮಾರು 6 ಓಮ್. ಲ್ಯೂಕಾಸ್ ಸಿ40 ಥರದ 12 ವೋಲ್ಟ್ ಡೈನಮೊದಲ್ಲಿ ಇರುವುದು ಅಷ್ಟೇ. 6 ವೋಲ್ಟಿನದಾಗಿದ್ದರೆ 3ರ ಆಸುಪಾಸು ಬರುತ್ತಿತ್ತು. ವಾಟ್ ಒಂದೇ ಆಗಿದ್ದರೆ ವೋಲ್ಟ್ ದುಪ್ಪಟ್ಟಾದಾಗ ಓಮ್ ನಾಲ್ಕು ಪಟ್ಟು ಆಗಬೇಕು ಅಂತ ಪುಸ್ತಕದ ಲೆಕ್ಕ. ಫೀಲ್ಡ್‌ನಲ್ಲಿ ಹಾಗಾಗುವುದಿಲ್ಲ. ಎರಡು ಬಗೆಯ ಡೈನಮೊದಲ್ಲೂ ಫೀಲ್ಡಿಗೆ ಹರಿಯುವುದು ಸುಮಾರು ಎರಡು ಆಂಪ್. ಹಾಗಾಗಿ ಓಮ್ ಕೂಡ ಬರೀ ದುಪ್ಪಟ್ಟು. ಇದು ಗೊತ್ತಾಗುವ ತನಕ ನಾನು ಲೆಕ್ಕದ ಜೊತೆ ಜಗಳವಾಡುತ್ತಿದ್ದೆ.

ಕಟೌಟ್ ಪರೀಕ್ಷೆ ನನಗೆ ಇಷ್ಟವಾದದ್ದು. ಮುಚ್ಚಳ ತೆಗೆದು ಡಿ ಮತ್ತು ಅರ್ಥ್‌ಗೆ ಮಾತ್ರ ಬ್ಯಾಟರಿ ಕೊಡಬೇಕು. 6 ವೋಲ್ಟಿನ ಕಟೌಟ್ ಸುಮಾರು ಆರೂವರೆಗೇ ಟಕ್ ಅಂತ ಕೂರುತ್ತದೆ. 12 ವೋಲ್ಟಿನದು 13ರ ಹತ್ತಿರ ಬರದೆ ಕೂರುವುದಿಲ್ಲ, ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲೂ ಇರುವುದು 12.6 ತಾನೇ? ನನ್ನದು ಕೂರದೇ ಇದ್ದಾಗ ಕೆಟ್ಟಿದೆ ಅಂತ ಬದಿಗೆ ಇಟ್ಟಿದ್ದೆ. ಆಮೇಲೆ ಸ್ಪ್ರೇಯರ್ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ವೋಲ್ಟ್ 13 ದಾಟಿದ ಮೇಲೆ ಹಾಗೇ ವೈರು ಮುಟ್ಟಿಸಿದೆ. ಟಕ್ ಅಂತು.

ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಅಯಸ್ಕಾಂತದ ಸ್ವಿಚ್ಚು, ಅಂದರೆ ಸೊಲಿನಾಯ್ಡ್‌ನಲ್ಲಿ ಸದ್ದು ನಂಬುವಂತಿಲ್ಲ. 12ರದು 6ಕ್ಕೂ ಮೆತ್ತಗೆ ಟಕ್ ಅನ್ನಬಹುದು. ಅರ್ಧ ನಿಮಿಷ ಹಿಡಿದು ಕೈಯಿಟ್ಟು ನೋಡುತ್ತೇನೆ, ಬೇಗ ಬಿಸಿಯೇರಿದರೆ ಕೊಟ್ಟ ವೋಲ್ಟ್ ಜಾಸ್ತಿಯಾಯಿತು ಅಂತ ಬಿಡುತ್ತೇನೆ. ಸೆಲ್ಫ್ ಮೋಟರನ್ನೇ ಅಳೆಯಲು ಹೋಗಬೇಡಿ, ಅದರ ಓಮ್ ಎಷ್ಟು ಕಡಿಮೆ ಅಂದರೆ ಸಾಮಾನ್ಯ ಮೀಟರ್‌ಗೆ ಸಿಗುವುದಿಲ್ಲ. ಆಂಪ್ ಮೀಟರ್‌ಗೆ ಈ ಪರೀಕ್ಷೆಯೇ ಬೇಡ. ಅದು ಹರಿಯುವ ಕರೆಂಟನ್ನಷ್ಟೇ ನೋಡುತ್ತದೆ, 6 ಆದರೂ 12 ಆದರೂ ಅದಕ್ಕೆ ಒಂದೇ.

ಈಗ ಚೀಲದಲ್ಲಿರುವ ಪ್ರತಿ ಸಾಮಾನಿನ ಮೇಲೂ ಪೇಂಟ್ ಚುಕ್ಕೆ ಇದೆ: 6ಕ್ಕೆ ಹಳದಿ, 12ಕ್ಕೆ ಬಿಳಿ, 24ಕ್ಕೆ ಕೆಂಪು. ಎರಡನೇ ಹಾರ್ನ್‌ಗೆ ಕೆಂಪು ಬಿತ್ತು. 12 ಕೊಟ್ಟರೆ ಶೀತ ಆದವರ ಥರ ಗೊರಗೊರ ಅನ್ನುತ್ತದೆ. ಟ್ರ್ಯಾಕ್ಟರ್‌ಗೆ ಕೊನೆಗೆ ಅಂಗಡಿಯಿಂದ ಹೊಸ ಹಾರ್ನೇ ತಂದು ಹಾಕಿದೆ.